ಎಲ್ಲಾ ಸಾಹೇಬ್ರೇ ಹೇಳಿಕೊಟ್ಟರು

ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇರುತ್ತದೆ. ಪೂರ್ತಿ ಬಣ್ಣದ್ದೂ ಅಲ್ಲ, ಪೂರ್ತಿ ಪ್ಲಾಸ್ಟಿಕ್ಕಿನದೂ ಅಲ್ಲ. ಕಳೆದ ವಾರ ಕೋಥರೂಡಿನ ನಮ್ಮ ಸೊಸಾಯಿಟಿಯ ಗೇಟಿನ ಎದುರು ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವವರು ಅದನ್ನು ಮೊದಲು ಫುಟ್‌ಪಾತಿನ ಮೇಲೆ ಹಾಸಿದ್ದರು. ದಾಟಿ ಹೋಗುವಾಗ ಆ ವಾಸನೆ ಮೂಗಿಗೆ ಬಡಿದು, ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದು ನಡೆದೆ. ಒಂದು ಕಾಲದಲ್ಲಿ ಇದೇ ರಸ್ತೆಯ ಚೌಕದಲ್ಲಿ, ಇದೇ ಬಗೆಯ ಫ್ಲೆಕ್ಸಿನ ಮೇಲೆ ನನ್ನ ಮುಖವಿತ್ತು. ಅದನ್ನು ಅಲ್ಲಿ ಏರಿಸಿದವರನ್ನು ನಾನು ಕ್ಷಮಿಸಿಲ್ಲ. ಅದಕ್ಕೆ ಒಪ್ಪಿದ ನನ್ನನ್ನೂ ಪೂರ್ತಿ ಕ್ಷಮಿಸಿಲ್ಲ.

ಆ ವರ್ಷವನ್ನು ನಾನು ಪಾಲಖಿಯಿಂದ ಪಾಲಖಿಗೆ ಅಳೆಯುತ್ತೇನೆ. ಸಂತರ ಪಾಲಖಿಯೊಡನೆ ಪಂಢರಪುರಕ್ಕೆ ಹೊರಟ ವಾರಕರಿಗಳು ಪುಣೆ ಬಿಟ್ಟು ಎರಡು ದಿನವಾಗಿತ್ತು, ಸಣ್ಣ ಮಳೆ ಹಿಡಿದಿತ್ತು. ನಮ್ಮ ಮನೆತನ ವಿಜಯಪುರದ ಕಡೆಯದು. ಅಪ್ಪ ಇಲ್ಲಿಯ ಒಂದು ಔಷಧಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾನು ಇಲ್ಲೇ ಹುಟ್ಟಿ, ಇಲ್ಲೇ ಎಂ.ಎಸ್ಸಿ. ಮುಗಿಸಿ, ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಗ್ಗೆ ಎಂಟೂಕಾಲಿಗೆ ಕಂಪನಿಯ ಬಸ್ಸು. ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಸುಧಾಕರಣ್ಣನ ಹೋಟೆಲು. ಉಡುಪಿ ಕಡೆಯವರು, ಗಂಡ ಗಲ್ಲೆಯ ಮೇಲೆ, ಹೆಂಡತಿ ವನಜಕ್ಕ ಅಡುಗೆಮನೆಯ ಉಸ್ತುವಾರಿ. ಅಲ್ಲಿ ತಿಂದು ಬಸ್ಸು ಹತ್ತುವುದು ನನ್ನ ರೂಢಿ.

"ಏನು ಶೈಲಾ ಮೇಡಂ, ಇಡ್ಲಿಯಾ ಬನ್ಸಾ? ಬೇಗ ಹೇಳಿ. ಬಸ್ಸು ಬಂತು ಅಂತ ಅರ್ಧ ಬಿಟ್ಟು ಓಡ್ತೀರಿ, ಬನ್ಸಿಗೆ ಬೇಜಾರಾಗ್ತದೆ."

"ಬನ್ಸ ಕೊಡ್ರಿ. ಚಟ್ನಿ ಭಾಳ ಹಾಕ್ರಿ."

"ಭಾಳ ಅಂದ್ರೆ ಎಷ್ಟು ಮಾರಾಯ್ತಿ? ನಿಮ್ಮ ಊರಿನ ಅಳತೆ ನಮಗೆ ಗೊತ್ತಿಲ್ಲ."

ಇದು ಸುಧಾಕರಣ್ಣ ನನ್ನೊಡನೆ ಆಡಿದ ಕೊನೆಯ ಮಾತು.

ಹಿಂದಿನ ದಿನ ಹೋಟೆಲಿನ ಬಾಗಿಲಿಗೆ ಅಡ್ಡ ಬೈಕು ನಿಲ್ಲಿಸಿದ್ದವನೊಬ್ಬನಿಗೆ ಅವರು ಗಾಡಿ ತೆಗೆಯಲು ಹೇಳಿದ್ದರಂತೆ. ಮಾತಿಗೆ ಮಾತು ಬೆಳೆದಿತ್ತಂತೆ. ಪುಣೆಯಲ್ಲಿ ದಿನಕ್ಕೆ ನೂರು ಕಡೆ ನಡೆಯುವ ಜಗಳ. ಆ ಬೆಳಗ್ಗೆ ನಾನು ಬನ್ಸ್ ತಿಂದು ಮುಗಿಸಿ ಕೈ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಒಂದು ಬೈಕು ನಿಂತಿತು. ಒಬ್ಬ ಗಾಡಿಯ ಮೇಲೇ ಕುಳಿತಿದ್ದ, ಅವನ ಮುಖ ನನಗೆ ಕಾಣಲಿಲ್ಲ. ಇನ್ನೊಬ್ಬ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಒಳಗೆ ಬಂದ. ಕೈಯಲ್ಲಿ ಕೊಯ್ತಾ. ಕಬ್ಬು ಕಡಿಯುವ ಆ ಕತ್ತಿಯನ್ನು ಈ ಊರಿನ ಪುಂಡರು ಮನುಷ್ಯರಿಗೆ ಬಳಸಿ ಎಷ್ಟೋ ಕಾಲವಾಗಿದೆ. ಕುಳಿತಿದ್ದವರೆಲ್ಲ ಹೊರಗೆ ಓಡಿದರು. ನಾನು ಓಡಲಿಲ್ಲ. ಧೈರ್ಯದಿಂದಲ್ಲ, ಅಂಜಿಕೆಯಿಂದ. ಬೇಸಿನ್ನಿನ ಕೆಳಗೆ ಕುಕ್ಕರಿಸಿದೆ.

ಗಲ್ಲೆಯ ಕಡೆಯ ಸದ್ದನ್ನು ನಾನು ಬರೆಯಲಾರೆ. ಅದು ನಿಂತ ಮೇಲೆ ಅವನು ತಿರುಗಿದ. ಮಫ್ಲರ್ ಗದ್ದಕ್ಕೆ ಜಾರಿತ್ತು. ಮುಂದಿನ ಹಲ್ಲು ಓರೆಯಾಗಿ ಮುರಿದಿತ್ತು. ಎಡ ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಗೆರೆ. ನಾನು ಕೂತಷ್ಟೇ ಎತ್ತರಕ್ಕೆ ಬಗ್ಗಿ, "ಕಾಯ್ ಬಘತೆಸ್?" ಅಂದ. ಏನು ನೋಡ್ತೀ ಅಂತ. ಉತ್ತರಕ್ಕೆ ಕಾಯದೆ ನನ್ನ ಓಢಣಿಯ ತುದಿಯನ್ನು ಎಳೆದುಕೊಂಡು ಅದಕ್ಕೆ ಕೊಯ್ತಾ ಒರೆಸಿದ. ಒಂದು ಸಲ ಈ ಮಗ್ಗುಲು, ಒಂದು ಸಲ ಆ ಮಗ್ಗುಲು. ಚಟ್ನಿ ಮೆತ್ತಿದ ಚಮಚ ಒರೆಸುವಷ್ಟು ಸಾವಧಾನವಾಗಿ. ಆಮೇಲೆ ಹೋದ. ಮೇಲೆ ನಲ್ಲಿ ಹರಿಯುತ್ತಲೇ ಇತ್ತು. ಈಗಲೂ ಆಫೀಸಿನಲ್ಲಿ ಕೈ ತೊಳೆಯುವಾಗ ನಾನು ಬೆನ್ನನ್ನು ಗೋಡೆಗೆ ಹಚ್ಚಿ ನಿಲ್ಲುತ್ತೇನೆ.

ಅದೇ ಮಧ್ಯಾಹ್ನ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ಹಲ್ಲು, ಹುಬ್ಬು, ಮಫ್ಲರು, ಓಢಣಿ, ಎಲ್ಲವನ್ನೂ ಹೇಳಿದೆ. ಓಢಣಿಯನ್ನು ಅಲ್ಲೇ ಬಿಟ್ಟುಬಂದೆ. ಬರೆದುಕೊಂಡ ಹವಾಲ್ದಾರ ಮರಾಠಿಯಲ್ಲಿ ಓದಿ ತೋರಿಸಿದ. ಆ ಕಾಗದ ಎಷ್ಟು ಮುಖ್ಯದ್ದು ಎಂಬುದು ನನಗೆ ಅವತ್ತು ತಿಳಿದಿರಲಿಲ್ಲ.

ಮೂರನೆಯ ದಿನ ಸುಧಾಕರಣ್ಣ ತೀರಿಕೊಂಡರು. ಹೋಟೆಲಿನ ಕ್ಯಾಮೆರಾದಲ್ಲಿ ಕೊಂದವನ ಬೆನ್ನು ಮಾತ್ರ ಇತ್ತು. ಓಡಿಹೋದ ಗಿರಾಕಿಗಳು ತಾವು ಆ ದಿನ ಅಲ್ಲಿ ಇರಲೇ ಇಲ್ಲ ಎಂದರು. ಅಡುಗೆಯವರು ಒಳಗಿದ್ದರು, ವನಜಕ್ಕ ಹಿಂದಿನ ಓಣಿಯಲ್ಲಿ ತರಕಾರಿ ಕೊಳ್ಳುತ್ತಿದ್ದರು. ಅವನ ಮುಖ ನೋಡಿದವಳು ನಾನೊಬ್ಬಳೇ. ಮೂರು ವಾರ ಕಳೆದರೂ ಪೊಲೀಸರು ಯಾರನ್ನೂ ಹಿಡಿಯಲಿಲ್ಲ. ಕೇಳಲು ಹೋದರೆ, "ಗಾಡಿಯ ಜಗಳ ತಾಯಿ, ತನಿಖೆ ನಡೆದಿದೆ," ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಆ ಮೂರು ವಾರ ನಾನು ಬಸ್ಸಿನಲ್ಲಿ ಕುಳಿತು ಪ್ರತಿ ಬೈಕಿನವನ ಬಾಯನ್ನೂ ನೋಡುತ್ತಿದ್ದೆ. ಅವನು ಸಿಗಬೇಕು, ಅವನೂ ಎಲ್ಲಾದರೂ ಕುಕ್ಕರಿಸಬೇಕು, ಮೇಲಿನಿಂದ ಯಾರಾದರೂ ಅವನನ್ನು ಏನು ನೋಡ್ತೀ ಅಂತ ಕೇಳಬೇಕು. ಬೇರೆ ಆಸೆ ಇರಲಿಲ್ಲ.

ಆಗ ಬಂದವರು ಸವಳಗಿ ವಕೀಲರು. ನಮ್ಮ ಕಡೆಯವರು, ಪುಣೆಯಲ್ಲಿ ನಲವತ್ತು ವರ್ಷದ ವಕೀಲಿ, ಬೆಳ್ಳಿಯಂಥ ಕೂದಲು. ಕೇಸು ನಡೆಸುವವರು ಸರಕಾರಿ ವಕೀಲರೇ ಆದರೂ, ಸತ್ತವರ ಮನೆಯವರ ಪರವಾಗಿ ಅವರ ಜೊತೆ ನಿಲ್ಲಲು ಒಬ್ಬ ವಕೀಲರನ್ನು ಇಟ್ಟುಕೊಳ್ಳಬಹುದು. ಸವಳಗಿಯವರು ತಾವಾಗಿಯೇ ಹೋಟೆಲಿಗೆ ಬಂದು ವನಜಕ್ಕನ ಎದುರು ಕೂತರು. ನಾನೂ ಅಲ್ಲಿದ್ದೆ. ನಾನು ಅವರನ್ನು ನೋಡಿದ್ದು ಅದೇ ಮೊದಲು.

"ಅಕ್ಕಾರ, ಈ ಊರಾಗ ಕೋರ್ಟಿಗಿಂತ ಮೊದ್ಲ ಟಿವಿ ಕೇಳ್ತದ್ರಿ. ನೀವು ಸಹಿ ಮಾಡ್ರಿ, ಉಳಿದದ್ದು ನನಗ ಬಿಡ್ರಿ."

ಸುಳ್ಳು ಹೇಳಬಾರದು, ಅವರ ಮಾತು ಆಗ ನಿಜವೇ ಆಯಿತು. ಅವರು ಚಾನೆಲ್ಲುಗಳ ಮುಂದೆ ಕೂಗಿದ ನಾಲ್ಕನೆಯ ದಿನಕ್ಕೆ ಪೊಲೀಸರು ಇಂದಾಪುರದ ಕಬ್ಬಿನ ಹೊಲದ ನಡುವಿನ ಒಂದು ಮನೆಯಿಂದ ಅವನನ್ನು ಎತ್ತಿಕೊಂಡು ಬಂದರು. ಅವನ ಹೆಸರನ್ನು ನಾನು ಬರೆಯುವುದಿಲ್ಲ. ಆ ಸಂಜೆಯೇ ಅವನ ಫೋಟೋ ಟಿವಿಯಲ್ಲಿ ಬಂತು. ಚಾನೆಲ್ಲುಗಳಿಗೆ ಅದನ್ನು ಹಂಚಿದವರು ಸವಳಗಿಯವರೇ. ಮಾತು ಶುರುಮಾಡುವ ಮೊದಲು ಅವರು ಜೇಬಿನಿಂದ ಬಾಚಣಿಗೆ ತೆಗೆದು ಕೂದಲು ಸರಿಮಾಡಿಕೊಂಡದ್ದೂ ಬಂತು. ಆಮೇಲೆ ಹೇಳಿದರು: "ಮೊದಲ ದಿನದಿಂದ ನಾನು ಈ ಸಾಕ್ಷಿಯ ಬೆನ್ನಿಗಿದ್ದೇನೆ. ಆಕೆಯ ಹೇಳಿಕೆ ಮಾಡಿಸಿದ್ದೇ ನಾನು."

ನಾವು ಊಟಕ್ಕೆ ಕೂತಿದ್ದೆವು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಇದು ಸುಳ್ಳಲ್ಲೇನ ಶೈಲಾ? ಇವರನ್ನ ನೀ ನೋಡಿದ್ದ ಮೊನ್ನೆ."

"ಇರ್ಲಿ ಬಿಡಪ್ಪಾ. ಇವರಿಂದ ಅವ ಸಿಕ್ಕಾನ."

ನನಗೆ ಅವನು ಸಿಕ್ಕಿದ್ದಷ್ಟೇ ಕಾಣುತ್ತಿತ್ತು.

ಜೈಲಿನಲ್ಲಿ ಗುರುತು ಹಿಡಿಯುವ ಪರೇಡ್ ಆದದ್ದು ಅದಾದ ಎರಡು ವಾರಕ್ಕೆ. ಒಂದೇ ಎತ್ತರದ, ಒಂದೇ ಮೈಕಟ್ಟಿನ ಗಂಡಸರ ಸಾಲಿನಲ್ಲಿ ಅವನನ್ನು ನೋಡಿದ ಕೂಡಲೇ ಬೆರಳು ತೋರಿಸಿದೆ. ಅವನು ತುಟಿ ಬಿಗಿದು ಹಲ್ಲು ಮುಚ್ಚಿಕೊಂಡಿದ್ದ. ಹೊರಗೆ ಬಂದು ಸರಕಾರಿ ವಕೀಲರ ಕೋಣೆಗೆ ಹೋದೆ. ಮರಾಠಿ ಹೆಂಗಸು, ಗಂಟಲು ಕಟ್ಟಿದ ದನಿ, ಮೇಜಿನ ತುಂಬ ಹಗ್ಗ ಕಟ್ಟಿದ ಕಡತ. "ಟಿವಿಯಲ್ಲಿ ಫೋಟೋ ನೋಡಿದ್ದೆಯಾ?" ಎಂದು ಕೇಳಿದರು. ಹೌದೆಂದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಹಾಗಾದರೆ ಈ ಪರೇಡಿಗೆ ಇನ್ನು ಬೆಲೆಯಿಲ್ಲ. ಫೋಟೋ ನೋಡಿ ಗುರುತಿಸಿದಳು ಅಂತಾರೆ. ನಮಗೆ ಉಳಿದದ್ದು ನಿನ್ನ ಮೊದಲ ದಿನದ ಹೇಳಿಕೆ ಮಾತ್ರ. ಇನ್ನು ಮುಂದೆ ಯಾರ ಮುಂದೆಯೂ ಬಾಯಿ ತೆಗೆಯಬೇಡ."

ನಾನು ಬಾಯಿ ತೆಗೆದೆ. ಹೇಗೆಂದರೆ, ಹೀಗೆ.

ನವೆಂಬರ್ ಬಂತು. ನಮ್ಮ ಭಾಗದ ಕನ್ನಡ ಬಳಗದವರು ರಾಜ್ಯೋತ್ಸವದ ದಿನ ಸವಳಗಿಯವರಿಗೆ ಸನ್ಮಾನ ಇಟ್ಟುಕೊಂಡರು. ಜೊತೆಗೆ ನನಗೂ. ಸಾಹೇಬರೇ ಹಾಗೆ ಹೇಳಿದ್ದರಂತೆ. ಚೌಕದಲ್ಲಿ ಫ್ಲೆಕ್ಸ್ ಏರಿತು. ಸವಳಗಿಯವರ ಮುಖ ಆಳೆತ್ತರ, ಅದರ ಕೆಳಗೆ ಹೂವಿನ ಚೌಕಟ್ಟಿನಲ್ಲಿ ನನ್ನ ಮುಖ, 'ಧೀರ ಸಾಕ್ಷಿ' ಎಂಬ ಹಳದಿ ಅಕ್ಷರ. ವನಜಕ್ಕನನ್ನೂ ಕರೆದಿದ್ದರು. "ಸೂತಕದ ವರ್ಷ, ಶಾಲು ಹೊದಿಸಿಕೊಳ್ಳಲು ನನಗೆಂತ ಆಗಿದೆ?" ಎಂದು ಅವರು ಬರಲಿಲ್ಲ. ನಾನು ಹೋದೆ. ಅವನು ಜೈಲಿನಲ್ಲಿ ಇರುವುದನ್ನು ಜನ ಚಪ್ಪಾಳೆ ತಟ್ಟಿ ಹೇಳುವುದು ನನಗೆ ಬೇಕಾಗಿತ್ತು.

ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಆಮೇಲೆ ಮೈಕು ನನ್ನ ಕೈಗೆ. ನಮ್ಮಲ್ಲಿ ಸನ್ಮಾನಕ್ಕೆ ಉತ್ತರ ಹೇಳುವ ರೀತಿ ಒಂದೇ: ನಂದೇನೂ ಇಲ್ಲ, ಎಲ್ಲಾ ಪಕ್ಕದಲ್ಲಿ ಕೂತ ದೊಡ್ಡವರದು. ಹಾಡಿದವರು ಗುರುಗಳದು ಅಂತಾರೆ, ಓದಿದವರು ಮಾಸ್ತರದು ಅಂತಾರೆ. ಹಾಗೆ ಅನ್ನದಿದ್ದರೆ ಸೊಕ್ಕು. ನಾನೂ ಬೇರೆ ಯೋಚನೆ ಮಾಡದೆ ಹೇಳಿದೆ:

"ನಂದೇನೈತ್ರಿ ಇದರಾಗ? ನಾ ಅಂಜಿಕೊಂಡು ಕೂತಾಕಿ. ನನಗೇನೂ ಗೊತ್ತಿದ್ದಿಲ್ಲ. ಎಲ್ಲಾ ಸಾಹೇಬ್ರೇ ಹೇಳಿಕೊಟ್ಟರು."

ಚಪ್ಪಾಳೆಯೋ ಚಪ್ಪಾಳೆ. ಸವಳಗಿಯವರು ತಲೆ ತಗ್ಗಿಸಿ ಕೈ ಮುಗಿದರು. ಬಳಗದವರು ಅದೇ ಸಂಜೆ ವಿಡಿಯೋ ಹಾಕಿದರು.

ಮರುದಿನ ಬೆಳಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಬೈಕಿನ ಮೇಲೆ ಇಬ್ಬರು ಬಂದು ಫ್ಲೆಕ್ಸಿನ ಮುಂದೆ ನಿಂತರು. ಹಿಂದಿನವನು ಅದರ ಫೋಟೋ ತೆಗೆದ. ಆಮೇಲೆ ತಿರುಗಿ, ಫೋನನ್ನು ಇಳಿಸದೆಯೇ, ನನ್ನ ಫೋಟೋ ತೆಗೆದ. ನಾನು ಬಸ್ಸು ಹತ್ತಿ ಹಿಂಜವಾಡಿ ಮುಟ್ಟುವ ತನಕ ಸೀಟಿನ ಕೆಳಗೆ ಬಾಗಿ ಕೂತಿದ್ದೆ. ಕಂಪನಿಯವರು ನನ್ನನ್ನು ಮನೆಬಾಗಿಲಿನಿಂದಲೇ ಕರೆದೊಯ್ಯಲು ಕ್ಯಾಬು ಕೊಟ್ಟರು. ಸವಳಗಿಯವರಿಗೆ ಫೋನ್ ಮಾಡಿದರೆ, "ತಂಗೀ, ಇದನ್ನ ಸಂಜಿಮುಂದ ಚಾನೆಲ್‌ನಾಗ ಎತ್ತೋಣ, ಭಾಳ ಛಲೋ ಪಾಯಿಂಟ್ ಅದ," ಎಂದರು. ಅಪ್ಪ ನನ್ನ ಕೈಯಿಂದ ಫೋನ್ ಕಿತ್ತು ಬಂದ್ ಮಾಡಿದರು. ಮರುದಿನ ಏಣಿ ತಂದು ಫ್ಲೆಕ್ಸನ್ನು ತಾವೇ ಕತ್ತರಿಸಿ ಇಳಿಸಿದರು. ಎಪ್ಪತ್ತರ ಹತ್ತಿರದ ಮನುಷ್ಯ.

ಟಿವಿಯ ಗದ್ದಲದಿಂದಲೋ ಏನೋ ನಮ್ಮ ಕೇಸು ಬೇಗ ವಿಚಾರಣೆಗೆ ಬಂತು. ಮಾರ್ಚಿನಲ್ಲಿ ಶಿವಾಜಿನಗರದ ಕೋರ್ಟಿನಲ್ಲಿ ನಾನು ಕಟಕಟೆ ಹತ್ತಿದೆ. ಆರೋಪಿಯ ವಕೀಲರು ಮೆತ್ತಗಿನ ಮನುಷ್ಯ. ಗದರುತ್ತಾರೆಂದು ಹೆದರಿದ್ದೆ, ಅವರು ಮೊದಲು ನನಗೆ ನೀರು ಕೊಡಿಸಿದರು. ಆಮೇಲೆ ಎರಡು ವಿಡಿಯೋ ಹಾಕಿದರು. ಒಂದು, ಸವಳಗಿಯವರು ಟಿವಿಯಲ್ಲಿ ಹೇಳಿದ್ದು. ಇನ್ನೊಂದು, ಪೇಟ ತೊಟ್ಟ ನಾನು. ಕನ್ನಡದ ಮಾತನ್ನು ಮರಾಠಿಗೆ ತಿರುಗಿಸಿ ಓದಿದರು.

"ಈ ಮಾತು ನಿಮ್ಮದೇ?"

"ನನ್ನದೇ. ಆದರೆ ಅದು ಮರ್ಯಾದೆಗೆ ಹೇಳಿದ್ದು. ನಮ್ಮಲ್ಲಿ ಹಾಗೇ ಹೇಳುವುದು."

"ಮರ್ಯಾದೆಗೆ ಸುಳ್ಳು ಹೇಳಿದಿರಾ?"

"ಸುಳ್ಳಂತಲ್ಲ..."

"ಹಾಗಾದರೆ ನಿಜ. ಎಲ್ಲಾ ಅವರೇ ಹೇಳಿಕೊಟ್ಟರು. ಮೊದಲ ದಿನದಿಂದ ಜೊತೆಗಿದ್ದೆ, ಹೇಳಿಕೆ ಮಾಡಿಸಿದೆ ಅಂತ ಅವರೂ ಹೇಳುತ್ತಾರೆ. ಹಲ್ಲು, ಹುಬ್ಬು, ಅದನ್ನೂ ಅವರೇ ಹೇಳಿಕೊಟ್ಟರು."

ಆರೋಪಿಗಳ ಬೆಂಚಿನಲ್ಲಿ ಅವನು ಆರಾಮವಾಗಿ ನಕ್ಕ. ಓರೆ ಹಲ್ಲು ಇಡೀ ಕಾಣಿಸಿತು. ನನ್ನ ಓಢಣಿ ಅವನ ಕೈಯಲ್ಲಿ ಇನ್ನೂ ಇದ್ದ ಹಾಗೆ ಅನ್ನಿಸಿತು.

ಹೊರಗೆ ವರಾಂಡದಲ್ಲಿ ಸರಕಾರಿ ವಕೀಲರು ಸವಳಗಿಯವರನ್ನು, ವನಜಕ್ಕನನ್ನು, ನನ್ನನ್ನು ನಿಲ್ಲಿಸಿಕೊಂಡರು. ಅವರು ಹೇಳಿದ್ದು ಇಷ್ಟು. ಈ ಗಂಟು ಬಿಚ್ಚಲು ಒಬ್ಬರಿಂದಲೇ ಸಾಧ್ಯ. ಸವಳಗಿಯವರು ತಾವೇ ಸಾಕ್ಷಿಯಾಗಿ ಕಟಕಟೆ ಹತ್ತಬೇಕು. ಈ ಹುಡುಗಿಯನ್ನು ಮೊದಲ ಸಲ ನೋಡಿದ್ದೇ ಹೇಳಿಕೆ ಆಗಿ ಮೂರು ವಾರದ ಮೇಲೆ, ಟಿವಿಯಲ್ಲಿ ಹೇಳಿದ್ದು ಸುಳ್ಳು, ಫೋಟೋ ಹಂಚಿದ್ದು ತಾವೇ ಎಂದು ಪ್ರಮಾಣ ಮಾಡಿ ಹೇಳಬೇಕು. ಸಮನ್ಸ್ ಕಳಿಸಿ ಎಳೆದು ತರಬಹುದು. ಆದರೆ ಮನಸ್ಸಿಲ್ಲದೆ ಬಂದವರು 'ನೆನಪಿಲ್ಲ' ಅಂದುಬಿಟ್ಟರೆ ಎಲ್ಲಾ ಮುಗಿಯಿತು.

ಸವಳಗಿಯವರು ನಕ್ಕರು. ಆಮೇಲೆ ಕನ್ನಡಕ್ಕೆ ತಿರುಗಿದರು.

"ಅಕ್ಕಾರ, ನಾನ ಸುಳ್ಳ ಹೇಳೀನಿ ಅಂತ ನಾನ ಹೇಳಬೇಕೇನ್ರಿ? ನಲವತ್ತು ವರ್ಷದ ಹೆಸರದ. ನಾಳೆ ನನ್ನ ಕಡೆ ಯಾರು ಬರ್ತಾರ? ಬ್ಯಾರೆ ಏನರ ದಾರಿ ನೋಡೋಣು."

"ನಿಮ್ಮ ಹೆಸರು ನನಗೆ ಗೊತ್ತುಂಟು ವಕೀಲರೇ," ಎಂದರು ವನಜಕ್ಕ. "ನನ್ನ ಗಂಡನ ಹೆಸರು ನೆನಪುಂಟಾ ನಿಮಗೆ? ಟಿವಿಯಲ್ಲಿ ಎರಡು ಸಲ ಪ್ರಭಾಕರ ಅಂದಿರಿ."

ಅವರು ವಾಚು ನೋಡಿಕೊಂಡು, ಇನ್ನೊಂದು ಕೋರ್ಟಿನಲ್ಲಿ ಕೆಲಸವಿದೆ ಎಂದು ಮೆಟ್ಟಿಲು ಹತ್ತಿ ಹೋದರು. ಯಾವ ಮೈಕು ಕಂಡರೂ ಎದುರು ನಿಲ್ಲುತ್ತಿದ್ದ ಮನುಷ್ಯ ಕಟ್ಟಿಗೆಯ ಆ ನಾಲ್ಕಡಿ ಚೌಕಟ್ಟಿನೊಳಗೆ ನಿಲ್ಲಲು ಒಲ್ಲೆ ಅಂದರು.

ಆಮೇಲೆ ನಾನು ಮಾಡಿದ್ದನ್ನು ಯಾರನ್ನೂ ಕೇಳಿ ಮಾಡಲಿಲ್ಲ. ಕೆಳಗೆ ಚಹಾ ಗಾಡಿಯ ಹತ್ತಿರ ಚಾನೆಲ್ಲಿನವರು ನಿಂತಿದ್ದರು. ಅವರನ್ನು ಕರೆಸಿದ್ದವರು ಸವಳಗಿಯವರೇ. ನಾನು ನೇರ ಅವರ ನಡುವೆ ಹೋಗಿ ನಿಂತು ಮರಾಠಿಯಲ್ಲಿ ಹೇಳಿದೆ: "ಸವಳಗಿ ಸಾಹೇಬರು ತಮ್ಮ ಕಕ್ಷಿದಾರಳಿಗೆ ನ್ಯಾಯ ಕೊಡಿಸಲು ತಾವೇ ಕಟಕಟೆ ಹತ್ತಿ ಸಾಕ್ಷಿ ಹೇಳಲಿದ್ದಾರೆ. ಇಂಥ ತ್ಯಾಗ ಮಾಡುವ ವಕೀಲರು ನಿಮಗೆ ಇನ್ನೆಲ್ಲಿ ಸಿಗುತ್ತಾರೆ?" ಶಬ್ದಗಳನ್ನೂ ಅವರ ಹಾಗೆಯೇ ಆರಿಸಿದ್ದೆ. ನನ್ನ ದನಿ ನಡುಗುತ್ತಿತ್ತು. ಅದು ಭಕ್ತಿಯಿಂದ ಅಂದುಕೊಂಡರೋ ಏನೋ. ಕಾಲು ಗಂಟೆಯಲ್ಲಿ ಎಲ್ಲ ಫೋನುಗಳ ಮೇಲೆ ಸುದ್ದಿ ಓಡುತ್ತಿತ್ತು.

ಸವಳಗಿಯವರು ಮೆಟ್ಟಿಲು ಇಳಿದು ಬಂದಾಗ ಏಳೆಂಟು ಮೈಕು ಅವರ ಗದ್ದಕ್ಕೆ ಬಂದವು. "ಸಾಹೇಬ, ನೀವೇ ಸಾಕ್ಷಿ ಹೇಳ್ತೀರಂತೆ, ನಿಜವೇ?" ಅವರ ಕಣ್ಣು ಗುಂಪಿನಲ್ಲಿ ಹುಡುಕಿ ಹುಡುಕಿ ನನ್ನ ಮೇಲೆ ನಿಂತಿತು. ನಾನು ಕಣ್ಣು ತಗ್ಗಿಸಲಿಲ್ಲ. ಬೇಸಿನ್ನಿನ ಕೆಳಗಿನಿಂದ ಎದ್ದು ನಿಂತದ್ದು ನಾನು ಆ ಗಳಿಗೆಯಲ್ಲೇ ಇರಬೇಕು. ಇಲ್ಲ ಎಂದರೆ ಕಕ್ಷಿದಾರಳನ್ನು ನಡುನೀರಿನಲ್ಲಿ ಬಿಟ್ಟ ವಕೀಲ ಎಂದು ಸಂಜೆಯ ಸುದ್ದಿ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಸತ್ಯಕ್ಕಾಗಿ ನಾನು ಎಲ್ಲಿ ಬೇಕಾದರೂ ನಿಲ್ಲುತ್ತೇನೆ," ಎಂದರು. ಬಾಚಣಿಗೆ ಜೇಬಿನಲ್ಲೇ ಉಳಿಯಿತು.

ಸರಕಾರಿ ವಕೀಲರು ಅರ್ಜಿ ಹಾಕಿದರು, ಕೋರ್ಟು ಒಪ್ಪಿತು. ಎರಡು ವಾರದ ಮೇಲೆ, ಏಪ್ರಿಲ್ಲಿನ ಉರಿಬಿಸಿಲಿನ ಒಂದು ಮಧ್ಯಾಹ್ನ, ಸವಳಗಿಯವರು ಕರಿ ಕೋಟು ಬೆಂಚಿನ ಮೇಲೆ ಬಿಚ್ಚಿಟ್ಟು ಬಿಳಿ ಅಂಗಿಯಲ್ಲಿ ಕಟಕಟೆ ಹತ್ತಿದರು. ನನ್ನ ಸಾಕ್ಷಿ ಮುಗಿದಿತ್ತು, ಆದ್ದರಿಂದ ಒಳಗೆ ಕೂರಬಹುದಿತ್ತು. ಮೊದಲ ಸಾಲಿನಲ್ಲೇ ಕೂತೆ. ಅವರು ಬಲ್ಲ ಪತ್ರಕರ್ತರೆಲ್ಲ ಹಿಂದೆ ತುಂಬಿದ್ದರು. ಸರಕಾರಿ ವಕೀಲರು ಕೇಳಿದ್ದಕ್ಕೆ, ನನ್ನನ್ನು ಮೊದಲು ನೋಡಿದ್ದು ಯಾವಾಗ, ಫೋಟೋ ಹಂಚಿದ್ದು ಯಾವಾಗ ಎಂದು ತಾರೀಖು ಸಹಿತ ಹೇಳಿದರು. ಆಮೇಲೆ ಆ ಮೆತ್ತಗಿನ ವಕೀಲರು ಎದ್ದರು. ಅವರಿಗೂ ನೀರು ಕೊಡಿಸಿದರು.

"ಹಾಗಾದರೆ ಟಿವಿಯಲ್ಲಿ ನೀವು ಹೇಳಿದ್ದು?"

"ಅದು... ಸ್ವಲ್ಪ ಉತ್ಪ್ರೇಕ್ಷೆ."

"ವಕೀಲರೇ, ಸುಳ್ಳೋ ನಿಜವೋ?"

ಅಂಗಿಯ ಬೆನ್ನು ಮೊದಲು ನಡುವೆ ಒದ್ದೆಯಾಯಿತು, ಆಮೇಲೆ ಹೆಗಲ ತನಕ ಹರಡಿ ಮೈಗೆ ಅಂಟಿಕೊಂಡಿತು. ಒಳಗಿನ ಬನಿಯನ್ನಿನ ತೂತು ಕಾಣುತ್ತಿತ್ತು. ಕೂದಲಿನ ಅಂಚಿನಿಂದ ಹನಿಯೊಂದು ಇಳಿದು ಕಿವಿಯ ಹಿಂದೆ ಹೋದದ್ದನ್ನು ನಾನು ಕೊನೆಯ ತನಕ ನೋಡಿದೆ. ಹಸಿದವಳು ಉಂಡಷ್ಟು ತೃಪ್ತಿಯಿಂದ ನೋಡಿದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

"ಸುಳ್ಳು," ಎಂದರು.

"ಕೇಳಿಸಲಿಲ್ಲ."

"ಸುಳ್ಳು."

ಹಿಂದೆ ಪೆನ್ನುಗಳು ಓಡಿದವು.

ಮುಂದಿನ ಪಾಲಖಿ ಪುಣೆಗೆ ಬರುವ ಮೊದಲೇ ತೀರ್ಪು ಬಂತು. ನ್ಯಾಯಾಧೀಶರು ಪರೇಡನ್ನು ಪೂರ್ತಿ ತಳ್ಳಿಹಾಕಿದರು. ಫೋಟೋ ಹಂಚಿದವರಿಗೆ ನಾಲ್ಕು ಕಟು ಮಾತು ಬರೆದರು. ಆದರೆ ಯಾವ ಫೋಟೋ ಬರುವ ಮೊದಲೇ, ಯಾವ ವಕೀಲರೂ ಕಾಣಿಸಿಕೊಳ್ಳುವ ಮೊದಲೇ ಕೊಟ್ಟ ಹೇಳಿಕೆಯಲ್ಲಿ ಆ ಹಲ್ಲೂ ಆ ಹುಬ್ಬೂ ಇವೆ, ಓಢಣಿಯ ಮೇಲಿನ ರಕ್ತ ಸತ್ತವರದೇ, ಆದ್ದರಿಂದ ಈ ಸಾಕ್ಷಿಯನ್ನು ನಂಬುತ್ತೇನೆ ಎಂದರು. ಜೀವಾವಧಿ. ಪೊಲೀಸರು ಎಳೆದೊಯ್ಯುವಾಗ ಅವನು ತಿರುಗಿ ನನ್ನನ್ನು ನೋಡಿದ. "ಕಾಯ್ ಬಘತೋಸ್?" ಅಂದೆ. ಅಷ್ಟು ಹೇಳುವುದಕ್ಕಾಗಿ ನಾನು ಒಂದು ವರ್ಷ ಬದುಕಿದ್ದೆ.

ಹೊರಗೆ ವನಜಕ್ಕ ನನ್ನ ತೋಳು ಹಿಡಿದರು. ಅಳುತ್ತಾರೆ ಅಂದುಕೊಂಡೆ.

"ಚಾನೆಲಿನವರಿಗೆ ಅವತ್ತು ಹೇಳಿದ್ದು ನೀನಂತೆ. ನನ್ನನ್ನು ಒಂದು ಮಾತು ಕೇಳಿದ್ದುಂಟಾ? ವಕೀಲರು ಆಗೂದಿಲ್ಲ ಅಂತ ಹೇಳಿ ಹೋಗಿದ್ದರೆ ಎಂತ ಮಾಡ್ತಿದ್ದೆ? ನನ್ನ ಗಂಡನ ಕೇಸಲ್ವಾ ಅದು?"

"ತಪ್ಪಾತ್ರಿ ಅಕ್ಕಾ."

"ಇನ್ನು ನನ್ನ ಗಂಡನ ಹೆಸರಿನಲ್ಲಿ ಯಾರೂ ಮೈಕು ಹಿಡಿಯಬಾರದು. ನೀನೂ ಅಷ್ಟೇ."

ಇಲ್ಲ, ಹಿಡಿಯುವುದಿಲ್ಲ ಎಂದೆ. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಅವನ ಮೇಲ್ಮನವಿ ಬಿದ್ದುಹೋಗುವ ತನಕ ಒಂದು ಸಾಲೂ ಬರೆಯಲಿಲ್ಲ. ಈಗ ಎಲ್ಲರ ಹೆಸರು ಬದಲಿಸಿ ಬರೆದು, ನಿನ್ನೆ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಹೋಟೆಲಿಗೆ ಹೋಗಿ ವನಜಕ್ಕನಿಗೆ ಓದಿ ತೋರಿಸಿದೆ. ಬೇಡ ಎಂದರೆ ಹರಿದುಹಾಕುವುದು ಎಂದುಕೊಂಡೇ ಹೋಗಿದ್ದೆ. ಅವರು ಗಲ್ಲೆಯ ಹಿಂದೆ ಕೂತು ಬೀನ್ಸ್ ಮುರಿಯುತ್ತ ಕೇಳಿದರು. ಗಂಡ ಬನ್ಸಿನ ಬಗ್ಗೆ ಆಡಿದ ಮಾತು ಬಂದಾಗ ಕೈ ನಿಂತಿತು, ಮತ್ತೆ ಓಡಿತು. ಕೋರ್ಟಿನ ಭಾಗ ಮುಗಿದ ಮೇಲೆ ತಲೆಯೆತ್ತಿ ಕೇಳಿದರು:

"ಆ ಬನಿಯನ್ನಿನ ತೂತು ನಿಜವಾಗಿ ಕಂಡಿತ್ತಾ?"

"ಕಂಡಿತ್ರಿ ಅಕ್ಕಾ. ತೆಗೀಲೇನು?"

ವನಜಕ್ಕ ಬೀನ್ಸಿನ ತುದಿಯನ್ನು ಚಿವುಟಿ ಬುಟ್ಟಿಗೆ ಹಾಕಿದರು.

"ಇರಲಿ," ಎಂದರು.